ಇಲಿವಾರದ ಕತ್ತರಿ

ಗಜೇಂದ್ರಗಡದಲ್ಲಿ ಇಲಿ ಇಲ್ಲದ ನೇಕಾರರ ಮನೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೋ ಅದು ನೇಕಾರರ ಮನೆಯಲ್ಲ, ಇಲ್ಲವೇ ಹೇಳಿದವನು ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ನೂಲಿಗೆ ಗಂಜಿ ಹಚ್ಚುತ್ತಾರೆ. ಗಂಜಿ ಎಂದರೆ ಅನ್ನವೇ ಅಲ್ಲವೆ? ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳೆಲ್ಲ ಇಲಿಯ ಕಣ್ಣಿಗೆ ಬಡಿಸಿಟ್ಟ ಊಟ.

ಗುಡ್ಡದ ಕೆಳಗಿನ ಓಣಿಯಲ್ಲಿ ಮಾಯವ್ವನ ಮನೆ. ಹೊರಕೋಣೆಯ ಮುಕ್ಕಾಲು ಪಾಲು ಮಗ್ಗ, ಮಗ್ಗದ ಕೆಳಗೆ ಕಾಲಿಳಿಬಿಟ್ಟು ಕೂರುವ ಕುಣಿ, ಕುಣಿಯ ಗೋಡೆಯೊಳಗೆ ಇಲಿಗಳ ಸಂಸಾರ. ಮದುವೆಯಾಗಿ ಬಂದಾಗಿನಿಂದ ಆಕೆ ಅಲ್ಲಿ ಕೂತು ಪಟ್ಟೇದಂಚಿನ ಸೀರೆ ನೇಯ್ದವಳು. ಕಾಲ ಬಳಿಯೇ ಓಡಾಡುವ ಇಲಿಗಳಿಗೆ "ನಿಮ್ಮ ಬಾಯಾಗ ಮಣ್ಣ ಹಾಕ" ಎಂದು ಬೈಯುತ್ತಲೇ ನೇಯ್ದವಳು. ಬೈದದ್ದು ಬಿಟ್ಟರೆ ಒಂದನ್ನೂ ಮುಟ್ಟಿದವಳಲ್ಲ.

ಗಂಡ ಅರ್ಜುನಪ್ಪ ಬಸ್‌ಸ್ಟ್ಯಾಂಡಿನಿಂದ ಅಂಗಡಿಗಳಿಗೆ ಟಂಟಂ ಆಟೋದಲ್ಲಿ ಸಾಮಾನು ಹೊಡೆಯುತ್ತಾನೆ. ಹೊಸ ಹಿಕಮತ್ತುಗಳೆಲ್ಲ ಅವನ ಕೈಯಲ್ಲೇ ಮನೆಗೆ ಬಂದವು. ಮೊದಲು ಬೋನು ತಂದ, ಆಮೇಲೆ ಅಂಟಿನ ಹಲಗೆ, ಆಮೇಲೆ ಬಿಸ್ಕತ್ತಿನಂಥ ಔಷಧ. ಬೋನನ್ನು ಮಾಯವ್ವ ಪಕ್ಕದ ಮನೆಗೆ ಕೊಟ್ಟಳು. ಹಲಗೆ ಒಲೆಗೆ ಹೋಯಿತು. ಔಷಧವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ಗಟಾರಕ್ಕೆ ಬಿಸಾಕಿ ಕೈ ತೊಳೆದುಕೊಂಡಳು.

"ವರ್ಷಕ್ಕೊಮ್ಮೆ ಊಟಕ್ಕ ಕರೀತಿ, ವರ್ಷಪೂರ್ತಿ ಬೈತಿ. ಅವು ನಿನ್ನ ಬೀಗರೇನು?" ಎಂದು ಅರ್ಜುನಪ್ಪ ನಗುತ್ತಿದ್ದ.

"ಹೌದ್ರಿ, ಬೀಗರ. ನಿಮಗಿಂತ ಚಲೋ ಮಾತು ಕೇಳ್ತಾವು" ಎನ್ನುತ್ತಿದ್ದಳು ಮಾಯವ್ವ.

ವರ್ಷಕ್ಕೊಮ್ಮೆಯ ಆ ಊಟಕ್ಕೆ ಇಲಿವಾರ ಎಂದು ಹೆಸರು. ಚೌತಿಯ ಮರುದಿನ ಅದು ಬರುತ್ತದೆ. ಗಣಪ್ಪನಿಗೆ ನಿನ್ನೆ ಕಡಬಾಯಿತು, ಅವನನ್ನು ಹೊತ್ತವನಿಗೆ ಇವತ್ತು. ಆ ದಿನ ಮಾಯವ್ವನ ಮನೆಯಲ್ಲಿ ಮಗ್ಗ ನಡೆಯುವುದಿಲ್ಲ, ಸೂಜಿ ಹಿಡಿಯುವುದಿಲ್ಲ, ಕತ್ತರಿಯನ್ನಂತೂ ಮುಟ್ಟುವುದೇ ಇಲ್ಲ. ಕುಣಿಯಲ್ಲಿ ಕಡಬು ಇಟ್ಟು, 'ನಾವು ಇವತ್ತ ಏನೂ ಕತ್ತರಸಂಗಿಲ್ಲಪ್ಪ, ನೀವು ವರ್ಷಪೂರ್ತಿ ಕತ್ತರಸಬ್ಯಾಡ್ರಿ' ಎಂದು ಕೈಮುಗಿಯುತ್ತಾರೆ. ಇಲಿಗಳು ಮಾತು ಉಳಿಸಿಕೊಳ್ಳುತ್ತವೆಯೇ ಎಂದು ಕೇಳಬೇಡಿ. ಮನುಷ್ಯರು ಉಳಿಸಿಕೊಳ್ಳುವಷ್ಟೇ ಅವೂ.

ಆ ವರ್ಷ ಮಗಳು ಭಾಗ್ಯಾ ಬಸುರಿ. ಇಟಗಿಯ ಚನ್ನವ್ವನ ಮಗ ಸಿದ್ದಲಿಂಗನಿಗೆ ಕೊಟ್ಟಿದ್ದರು. ಚನ್ನವ್ವನ ಮನೆಯವರೂ ಮೊದಲು ಮಗ್ಗದವರೇ, ಈಗ ಹೊಲ ಹಿಡಿದಿದ್ದಾರೆ. ಆದರೂ ಇಲಿವಾರ ಬಿಟ್ಟಿಲ್ಲ. ಐದನೇ ತಿಂಗಳ ಕುಬಸಕ್ಕೆ ಅವರೇ ದಿನ ಗೊತ್ತು ಮಾಡಿದರು. ಅದು ಇಲಿವಾರದ ಮರುದಿನವೇ ಬಿತ್ತು. ಅದು ಬಿಟ್ಟರೆ ಹತ್ತಿರದಲ್ಲಿ ಒಳ್ಳೆಯ ದಿನವಿಲ್ಲ, ಮುಂದೆ ಪಿತೃಪಕ್ಷ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ತಿಂಡಿ ಹೊತ್ತುಕೊಂಡು ಹೋಗಿ ಬಸುರಿಯನ್ನು ಕೂರಿಸಿ ಆರತಿ ಎತ್ತಬೇಕು.

ಅಂಗಡಿಯಲ್ಲಿ ಹಸಿರು ಸೀರೆಗೆ ಬರವಿರಲಿಲ್ಲ. ಆದರೆ ನೇಕಾರಳು ತನ್ನ ಮಗಳ ಕುಬಸಕ್ಕೆ ಅಂಗಡಿ ಸೀರೆ ಒಯ್ಯುವುದೆ? ಮಾಯವ್ವ ಮಗ್ಗಕ್ಕೆ ಹಸಿರು ಎಳೆಗಳ ಹಾಸು ಏರಿಸಿದಳು. ಚೌತಿಗೆ ಮೊದಲೇ ಸೀರೆ ಮುಗಿದು ಹೋಗುತ್ತಿತ್ತು. ಅಷ್ಟರಲ್ಲಿ ಇಲಿಗಳು ಮಗ್ಗದ ಹಿಂದಿನಿಂದ ಏರಿ ಒಂದು ಹಿಡಿ ಎಳೆಯನ್ನು ಕಡಿದು ಹಾಕಿದವು. ಕಡಿದ ಎಳೆಗಳನ್ನು ಒಂದೊಂದಾಗಿ ಕೂಡಿಸಿ ಗಂಟು ಹಾಕುವಷ್ಟರಲ್ಲಿ ಹಬ್ಬ ಬಂತು. ಚೌತಿಯ ದಿನ ಪೂಜೆ ಮುಗಿದ ಮೇಲೂ ಕೂತಳು. ಆದರೂ ಕೊನೆಯ ಒಂದು ಗೇಣು ಉಳಿಯಿತು.

ಇಲಿವಾರದ ಮುಂಜಾನೆ ಕುಣಿಯಲ್ಲಿ ಕಡಬಿಟ್ಟು ಕೈಮುಗಿದಳು. ಮಧ್ಯಾಹ್ನ ಅರ್ಜುನಪ್ಪ ಹೊರಗೆ ಹೋದದ್ದೇ ಬಾಗಿಲ ಅಗಳಿ ಹಾಕಿ ಅದೇ ಕುಣಿಯಲ್ಲಿ ಕಾಲಿಳಿಸಿದಳು. ಸಪ್ಪಳವಾಗದ ಹಾಗೆ ಲಾಳಿ ಎಸೆದು ಗೇಣು ಮುಗಿಸಿದಳು, ಕತ್ತರಿ ತಂದು ಸೀರೆಯನ್ನು ಮಗ್ಗದಿಂದ ಬಿಡಿಸಿದಳು. 'ಮಗಳ ಸಲುವಾಗಿ' ಎಂದು ಗಟ್ಟಿಯಾಗಿ ಹೇಳಿಕೊಂಡಳು, ಕೇಳುವವರು ಯಾರೂ ಇಲ್ಲದಿದ್ದರೂ. ಮುಂಜಾನೆ ಇಟ್ಟ ಕಡಬನ್ನು ಯಾವ ಇಲಿಯೂ ಮುಟ್ಟಿರಲಿಲ್ಲ.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆಯಲ್ಲಿ ಭಾಗ್ಯಾಳನ್ನು ನೋಡಿ ಇಟಗಿಯ ಹೆಂಗಸರು "ಬೀಗರ, ಎಂಥಾ ಕೈರಿ ನಿಮ್ಮದು" ಎಂದರು. ಮಾಯವ್ವ ಹಿಗ್ಗಿದಳು, ಹಿಗ್ಗಿದ್ದಕ್ಕೆ ಹೆದರಿದಳು.

ಏಳನೇ ತಿಂಗಳಲ್ಲಿ ಭಾಗ್ಯಾಳ ಕಾಲು ಬಾತವು. ತಲೆ ಸಿಡಿಯುತ್ತದೆ ಎಂದಳು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಚನ್ನವ್ವ ಆಕೆಯನ್ನು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಕರೆದೊಯ್ದಳು. ಗದಗಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ನಿಂತು ಹೋಗಿತ್ತು. ಬಿ.ಪಿ. ಏರಿತ್ತು, ಮೊದಲೇ ತರಬೇಕಾಗಿತ್ತು ಎಂದರು ಡಾಕ್ಟರು. ಹೆಣ್ಣು ಕೂಸು. ಬಟ್ಟೆಯಲ್ಲಿ ಸುತ್ತಿದ್ದನ್ನು ಮಾಯವ್ವನೇ ಕೈಯಲ್ಲಿ ಇಸಿದುಕೊಂಡಳು. ಡಾಕ್ಟರು ಹೇಳಿದ ಒಂದು ಮಾತೂ ಆಕೆಯ ಕಿವಿಗೆ ಬೀಳಲಿಲ್ಲ. ಆಕೆಗೆ ಕೇಳಿಸುತ್ತಿದ್ದದ್ದು ಅಗಳಿ ಹಾಕಿದ ಮನೆಯೊಳಗಿನ ಕತ್ತರಿಯ ಸಪ್ಪಳ ಒಂದೇ.

ಮಗಳನ್ನು ಗಜೇಂದ್ರಗಡಕ್ಕೆ ಕರೆತಂದರು. ಕೂಸಿಲ್ಲದ ಬಾಣಂತಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಎದೆಗೆ ಹಾಲು ಬಂದಿತ್ತು, ಅದಕ್ಕೆ ಬಟ್ಟೆ ಬಿಗಿದು ಕಟ್ಟಿದ್ದರು. ಒಂದು ದಿನ ಇಲಿಯೊಂದು ಮಗ್ಗದಿಂದ ಇಳಿದು, ಭಾಗ್ಯಾಳ ಕಾಲ ಮೇಲೆ ಹಾದು, ಬಾಣಂತಿಗೆಂದು ಕುಟ್ಟಿಟ್ಟಿದ್ದ ಒಣಕೊಬ್ಬರಿಯ ಬಟ್ಟಲಿಗೆ ಬಾಯಿ ಹಾಕಿತು. ಮಾಯವ್ವನ ಮೈಯೆಲ್ಲ ಉರಿಯಿತು. ಒಂದು ಗೇಣು ಬಟ್ಟೆಗೆ ಒಂದು ಜೀವ ತೆಗೆದುಕೊಂಡು ಇನ್ನೂ ಹೊಟ್ಟೆ ತುಂಬಿಲ್ಲವೇ ಇವಕ್ಕೆ!

ತಲೆಯ ಮೇಲೆ ಸೆರಗು ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಮೋದಿನಸಾಬನ ಅಂಗಡಿಗೆ ನಡೆದಳು.

"ಇಲಿ ಔಷಧ ಕೊಡು."

ಮೋದಿನಸಾಬ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ಯಾರಿಗಕ್ಕಾ? ನೀ ಅಂತೂ ಹಾಕಾಕಿ ಅಲ್ಲ."

"ನನಗ ಬೇಕು. ಭಾಳ ಕೊಡು. ಒಂದೂ ಉಳೀಬಾರ್ದು."

ಒಂದೂ ಉಳಿಯಲಿಲ್ಲ. ಕುಣಿಯಲ್ಲಿ, ಮಗ್ಗದ ಹಿಂದೆ, ಜೋಳದ ಚೀಲದ ಸಂದಿಯಲ್ಲಿ ಸತ್ತು ಬಿದ್ದವು. ಮಾಯವ್ವ ಮೊರದಲ್ಲಿ ಬಳಿದುಕೊಂಡು ಹೋಗಿ ಚೆಲ್ಲಿ ಬಂದಳು. ಅವುಗಳಲ್ಲಿ ಕೂದಲು ಕೂಡ ಬಂದಿರದ ಮರಿಗಳಿದ್ದವು. ಅವನ್ನು ಕಂಡಾಗ ಸಿಟ್ಟೆಲ್ಲ ಇಳಿದು ಹೋಯಿತು. ಗೋಡೆಯೊಳಗೆ ಸತ್ತವುಗಳ ವಾಸನೆ ಮನೆಯನ್ನು ಬಿಡಲಿಲ್ಲ. ಊದಿನಕಡ್ಡಿ ಹಚ್ಚಿದರೆ ಎರಡೂ ವಾಸನೆ ಸೇರಿ ಇನ್ನೂ ಕೆಟ್ಟದಾಯಿತು.

"ಯಾಕವ್ವಾ?" ಎಂದಳು ಭಾಗ್ಯಾ. "ನೀ ಹಿಂಗ ಎಂದೂ ಮಾಡಾಕಿ ಅಲ್ಲ."

ಮಾಯವ್ವ ಹೊರಸಿನ ಅಂಚಿಗೆ ಕೂತು ಎಲ್ಲ ಹೇಳಿದಳು. ಅಗಳಿ, ಗೇಣು, ಕತ್ತರಿ, ಮುಟ್ಟದೆ ಉಳಿದ ಕಡಬು. ಭಾಗ್ಯಾ ಮೊದಲು ನಕ್ಕಳು, ದವಾಖಾನೆಯಿಂದ ಬಂದ ಮೇಲೆ ಮೊದಲ ಸಲ. ನಗುತ್ತಲೇ ಅತ್ತಳು.

"ಹುಚ್ಚಿ ಅದೀ ಯವ್ವಾ. ಬಿ.ಪಿ. ಅದು. ಇಲಿಗೇನು ಗೊತ್ತು ನನ್ನ ಹೊಟ್ಟೀದು?"

ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಳು ಮಾಯವ್ವ.

ಇಟಗಿಯಿಂದ ಯಾರೂ ಬರಲಿಲ್ಲ. ಸಿದ್ದಲಿಂಗ ಮೊದಮೊದಲು ದಿನಾ ಫೋನು ಮಾಡುತ್ತಿದ್ದ, ಆಮೇಲೆ ಆಗೊಮ್ಮೆ ಈಗೊಮ್ಮೆ. ಅವನು ಕೆಟ್ಟವನಲ್ಲ, ತಾಯಿಯ ಎದುರು ಬಾಯಿ ಬಾರದವನು. ಅಂಥವನ ಮೇಲೆ ಭಾಗ್ಯಾಗೆ ಜೀವ. ಯಾಕೆ ಎಂದು ಕೇಳುವವರು ಕೇಳಲಿ, ಜೀವ ಇದ್ದದ್ದಂತೂ ನಿಜ. ಒಂದು ಸಂಜೆ ಫೋನನ್ನು ಹಾಸಿಗೆಯ ಮೇಲಿಟ್ಟು ಮಾತಾಡುತ್ತಿದ್ದಳು, ಅವನ ದನಿ ಒಲೆಯ ತನಕ ಕೇಳುತ್ತಿತ್ತು.

"ಅವ್ವ ಒಲ್ಲೆ ಅಂತಾಳ ಭಾಗ್ಯಾ. ನಿನ್ನ ಹೊಟ್ಟ್ಯಾಗ ಕೂಸು ನಿಲ್ಲೂದಿಲ್ಲಂತ. ಅಲ್ಲೇ ಇರಲಿ ಅಂತಾಳ. ಬ್ಯಾರೆ ಹುಡಿಗಿ ಮಾತೂ ತಗದಾಳ."

"ನೀವೇನಂದ್ರಿ?"

"ಅವ್ವ ಕರ್ಯಾಕತ್ಯಾಳ, ಆಮ್ಯಾಲ ಮಾಡ್ತೀನಿ" ಎಂದ ಅವನು. ಭಾಗ್ಯಾ "ಹೂಂ" ಎಂದು ಫೋನು ಇಟ್ಟು ಮತ್ತೆ ಗೋಡೆಗೆ ಮುಖ ಮಾಡಿದಳು. ರೊಟ್ಟಿ ತಟ್ಟುತ್ತಿದ್ದ ಮಾಯವ್ವನಿಗೆ ಹೆಂಚಿನ ಮೇಲಿನ ರೊಟ್ಟಿ ಸೀದದ್ದು ತಿಳಿಯಲಿಲ್ಲ. ಮಾಡಿದವಳು ತಾನು, ಉಣ್ಣುತ್ತಿರುವವಳು ಮಗಳು.

ಮರುದಿನ ಪೇಟೆಗೆ ಹೋಗಿ ಬರುತ್ತೇನೆಂದು ಹೇಳಿ ಇಟಗಿಯ ಬಸ್ಸು ಹತ್ತಿದಳು.

ಚನ್ನವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಬರ್ರಿ ಎಂದಳು, ಚಹಾ ಕೊಟ್ಟಳು, ಮುಖ ಮಾತ್ರ ಕೊಡಲಿಲ್ಲ. ಸಿದ್ದಲಿಂಗ ಬಾಗಿಲ ಬಳಿ ನಿಂತಿದ್ದ.

"ಅಕ್ಕಾರ, ತಪ್ಪು ಭಾಗ್ಯಾಂದಲ್ರಿ. ನಂದು. ಆ ಹಸರ ಸೀರಿ ನಾ ಇಲಿವಾರದ ದಿನ ಕೊಯ್ದಿದ್ನಿ. ಕತ್ತರಿ ಹಿಡದಿದ್ನಿ" ಎಂದಳು ಮಾಯವ್ವ.

ಚನ್ನವ್ವನ ಕೈ ಮೊರದ ಮೇಲೆ ನಿಂತಿತು. ಆಮೇಲೆ ತಲೆ ಅಲ್ಲಾಡಿಸಿದಳು.

"ತಪ್ಪು ಖರೇ. ಆದ್ರ ಅಷ್ಟಕ್ಕ ಇಂಥಾದ್ದು ಆಗಂಗಿಲ್ರಿ. ನಮ್ಮ ನೆಗೆಣ್ಣಿ ಒಮ್ಮೆ ಮರತು ಸೂಜಿ ಹಿಡದಿದ್ಲು. ಆ ವರ್ಷ ಇಲಿ ನಾಕು ಅರಿವಿ ಕಡದುವು, ಅಷ್ಟ. ಮುಂದಿನ ಇಲಿವಾರ ತಪ್ಪುಗಾಣಿಕಿ ಇಟ್ಟು ಕೈಮುಗದ್ರ ತೀರಿತು. ಕೂಸು ಹೋಗೂದಂದ್ರ ನಿಮ್ಮ ಹುಡಿಗೀ ಹೊಟ್ಟೀ ದೋಷನ."

ಮಾಯವ್ವ ದಿಕ್ಕು ತಪ್ಪಿದಳು. ಇಷ್ಟು ದಿನ ಬೆಟ್ಟದಂತೆ ಹೊತ್ತ ಪಾಪ ಈ ಪಡಸಾಲೆಯಲ್ಲಿ ನಾಲ್ಕು ಅರಿವೆಯಷ್ಟಾಯಿತು. ಮಗಳ ಮೇಲಿನದನ್ನು ಇಳಿಸಲು ಅದು ಸಾಲದು.

"ಅಷ್ಟ ಅಲ್ರಿ ಅಕ್ಕಾರ. ಔಷಧ ಹಾಕಿ ಕೊಂದೆ. ಎಲ್ಲಾ ಕೊಂದೆ."

"ಯಾವಾಗ?"

ನಿಜ ಹೇಳಬಹುದಾಗಿತ್ತು, ಕೂಸು ಹೋದ ಮೇಲೆ ಎಂದು. ಹಾಗೆ ಹೇಳಿದರೆ ಮಗಳಿಗೆ ಏನೂ ಸಿಗುತ್ತಿರಲಿಲ್ಲ.

"ಇಲಿವಾರದ ದಿನ. ಎಳಿ ಕಡದುವಂತ ಸಿಟ್ಟು ಬಂದಿತ್ತು. ಅವಕ್ಕ ಇಡೂ ಕಡಬಿನ್ಯಾಗ ಹಾಕಿದ್ನಿ."

ಇದಕ್ಕಿಂತ ದೊಡ್ಡ ಪಾಪ ಆಕೆಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅದನ್ನೂ ಹೇಳುತ್ತಿದ್ದಳು.

ಚನ್ನವ್ವ ಎದ್ದು ನಿಂತಳು. ಮೊರ ಮಗುಚಿ ಕಡಲೆ ಪಡಸಾಲೆಯೆಲ್ಲ ಹರಡಿತು. "ಯವ್ವಾ! ಉಣ್ಣಾಕ ಕರದು ಕೊಂದ್ರೇನು? ಮರಿ ಇರ್ತಾವಲ್ರಿ ಅವಕ್ಕ! ನನ್ನ ಮೊಮ್ಮಗಳನ್ನ ನೀವು ತಿಂದ್ರಿ!" ಎಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಳು ನಿಜವಾದದ್ದೇ. ಆದರೆ ಅಳುತ್ತ ಅಳುತ್ತ ಆಕೆಯ ಮುಖ ಸಡಿಲವಾಯಿತು. ಬಾತ ಕಾಲಿನ ಬಸುರಿಯನ್ನು ಮೆಣಸಿನಕಾಯಿ ಹೊಲಕ್ಕೆ ಕರೆದೊಯ್ದವಳು ಆಕೆಯೇ ಅಲ್ಲವೆ? ಆಕೆಯ ಎದೆಯಲ್ಲೂ ಒಂದು ಕಲ್ಲಿತ್ತು, ಅದು ಅವತ್ತು ಇಳಿಯಿತು. ಇಬ್ಬರ ಕಲ್ಲನ್ನೂ ಮಾಯವ್ವ ಒಬ್ಬಳೇ ಎತ್ತಿಕೊಂಡಳು.

"ಪಾಪ, ಆ ಹುಡಿಗೀದೇನೈತಿ" ಎಂದಳು ಚನ್ನವ್ವ ಕಣ್ಣೊರೆಸಿಕೊಂಡು. "ನಾಳೆ ಇವನ್ನ ಕಳಿಸ್ತೀನಿ, ಕರಕೊಂಡು ಬರ್ತಾನ. ಆದ್ರ ಒಂದು. ಆಕಿ ಮತ್ತ ನಿಮ್ಮ ಹೊಸಲಿ ತುಳಿಯಂಗಿಲ್ಲ. ಹಬ್ಬಕ್ಕಿಲ್ಲ, ಬಾಣಂತನಕ್ಕಿಲ್ಲ. ನೀವೂ ಇಲ್ಲಿ ಬರಬ್ಯಾಡ್ರಿ. ಇನ್ನೊಂದು ಕೂಸು ಉಳೀಬೇಕು ನನಗ."

"ಆತ್ರಿ" ಎಂದಳು ಮಾಯವ್ವ. "ಆಕಿಗೆ ಈಗ ಹೇಳಬ್ಯಾಡ್ರಿ. ಹೇಳಿದ್ರ ಬರಾಂಗಿಲ್ಲ ಆಕಿ. ಮೊದಲ ಮನಿಗೆ ಬರಲಿ." ಆಮೇಲೆ ಸಿದ್ದಲಿಂಗನ ಕಡೆ ತಿರುಗಿದಳು. "ಚಲೋತ್ನಂಗ ನೋಡಿಕೊಳ್ರಿ. ಕಾಲು ಬಾತ್ರ ಲಗೂ ದವಾಖಾನಿಗೆ ಒಯ್ರಿ. ಮನ್ಯಾಗ ಯಾರನ್ನೂ ಕೇಳಬ್ಯಾಡ್ರಿ." ಅವನು ತಲೆಯಾಡಿಸಿದ.

ಮರುದಿನ ಸಿದ್ದಲಿಂಗ ಬಂದ. ಗಂಡನನ್ನು ಬಾಗಿಲಲ್ಲಿ ಕಂಡು ಭಾಗ್ಯಾ ಹೊರಸಿನಿಂದ ಇಳಿದ ಪರಿಗೆ ಅರ್ಜುನಪ್ಪ ಕೂಡ ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸಿದ. ತಲೆ ಬಾಚಿಕೊಂಡಳು, ಬ್ಯಾಗು ತುಂಬಿದಳು. ಮಾಯವ್ವ ಉಡಿ ತುಂಬಿದಳು. ಸಿದ್ದಲಿಂಗ ಅತ್ತೆಯ ಕಡೆ ನೋಡಲಾರದೆ ಬ್ಯಾಗಿನ ಚೈನು ಎಳೆಯುತ್ತ, ಬಿಚ್ಚುತ್ತ ನಿಂತಿದ್ದ.

"ಪಂಚಮಿಗೆ ಕರ್ಯಾಕ ನೀನ ಬರಬೇಕು ನೋಡು" ಎಂದಳು ಭಾಗ್ಯಾ ಹೊಸ್ತಿಲು ದಾಟುತ್ತ. "ಅಪ್ಪನ್ನ ಕಳಿಸಬ್ಯಾಡ, ಟಂಟಂ ತರ್ತಾನ. ಜೋಕಾಲಿನೂ ಕಟ್ಟಿಸಿಡು. ಭಾಳ ದಿನಾ ಇರ್ತೀನಿ ಆವಾಗ."

ಮಾಯವ್ವ ಮಗಳ ಕೆನ್ನೆ ಸವರಿದಳು.

"ಕಟ್ಟಿಸಿಡ್ತೀನಿ ನನ್ನವ್ವ. ಹೊತ್ತಾತು, ಹೋಗು" ಎಂದಳು.