ಎಡ ಹುಬ್ಬಿನ ಮೇಲಿನ ಕಲೆ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪಾರಿಸನ ಫ್ಲೆಕ್ಸ್ ಅಂಗಡಿ. ಫ್ಲೆಕ್ಸ್ ಬರುವ ಮೊದಲು ಅವನು ಕುಂಚ ಹಿಡಿದ ಪೇಂಟರ್. ಕಬ್ಬಿನ ಟ್ರಾಲಿಗಳ ಹಿಂದೆ, ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆದು ಇಪ್ಪತ್ತು ವರ್ಷ ಹೊಟ್ಟೆ ಹೊರೆದವನು. ಟ್ರಾಲಿಯ ಹಲಗೆಯಲ್ಲಿ ಹಿಡಿಸುವುದೇ ನಾಲ್ಕು ಮಾತು. ಯಾರಾದರೂ ತಂದೆ, ತಾಯಿ, ಕುಲದೇವರು, ಸೋದರಮಾವ ಎಲ್ಲರ ಆಶೀರ್ವಾದವನ್ನೂ ಬರೆಯಿಸಲು ಬಂದರೆ, "ಇದು ಟ್ರಾಲಿ ಐತೋ, ಲಗ್ನಪತ್ರಿಕಿ ಐತೋ?" ಎಂದು ಗದರಿಸಿ ಮುಕ್ಕಾಲು ಪಾಲು ಹೊಡೆದುಹಾಕುತ್ತಿದ್ದ.

ಆ ಕತ್ತರಿಸುವ ಚಟವೇ ಐವತ್ತು ದಾಟಿದ ಮೇಲೆ ಅವನ ಕೈಹಿಡಿಯಿತು. ಹೇಳಿದಂತೆ ಚಿತ್ರ ಬಿಡಿಸುವ ಎಐ ಬಂದಾಗ ಊರ ಹುಡುಗರೆಲ್ಲ ಅದರ ಮುಂದೆ ಪುರಾಣ ಬಿಚ್ಚಿ ಕೂತರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಯಿತು. ಎದುರಿನ ಅಂಗಡಿಯ ಕಾಕಾಸಾಹೇಬ "ಒಬ್ಬ ಒಳ್ಳೆಯ ರೈತ" ಎಂದು ಕೇಳಿದ್ದಕ್ಕೆ ದೊರೆಗಳ ಟೋಪಿ ಹಾಕಿಕೊಂಡ ಬಿಳಿಯನೊಬ್ಬ ಗೋಧಿ ಹೊಲದಲ್ಲಿ ನಿಂತು ನಕ್ಕ. ಪಾರಿಸ ಮಾತ್ರ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ಏನು ಇರಬಾರದು ಎಂದು ನಾಲ್ಕೇ ಸಾಲು ಬರೆಯುತ್ತಿದ್ದ. ಮೊದಲ ಸಲಕ್ಕೇ ಧೋತರ, ತಲೆಗೆ ಸುತ್ತಿದ ಪಟಕಾ ಸಮೇತ ನಮ್ಮವನೇ ಬಂದು ನಿಲ್ಲುತ್ತಿದ್ದ. ರಾಯಬಾಗ, ಅಥಣಿಯ ಅಂಗಡಿಯವರು ಫೋನ್ ಮಾಡಿ ಆ ನಾಲ್ಕು ಸಾಲನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಪಾರಿಸನಿಗೂ ತಲೆಗೆ ಏರಿತು.

ಹೋದ ಮಾರ್ಗಶಿರದಲ್ಲಿ ಕರೋಶಿಯಿಂದ ಗೌರಾಬಾಯಿ ಬಂದಳು. ಹಿಂದಿನ ವರ್ಷ ಅವಳ ಗಂಡ, ಒಂಬತ್ತು ವರ್ಷದ ಮಗಳು ಪ್ರಾಜಕ್ತಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಂಜೆ ಮನೆಗೆ ಬರುವಾಗ, ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಗುದ್ದಿದ್ದ. ಇಬ್ಬರೂ ಉಳಿಯಲಿಲ್ಲ. ಗಂಡನ ಜೇಬಿನಲ್ಲಿದ್ದ ಫೋನೂ ಪುಡಿಯಾಗಿ, ಮಗಳ ಫೋಟೋಗಳೆಲ್ಲ ಅದರೊಂದಿಗೇ ಹೋದವು. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಬಾಯಿ ತೆರೆದು ಅಳುವ ಎರಡು ವರ್ಷದ ಕೂಸು. ಶಾಲೆಯ ಗುಂಪು ಫೋಟೋದಲ್ಲಿ ಸರಿಯಾಗಿ ಕ್ಲಿಕ್ಕಿಸುವ ಹೊತ್ತಿಗೆ ಹುಡುಗಿ ಹಿಂದೆ ತಿರುಗಿದ್ದಳು. ಕಂಡದ್ದು ಒಂದು ಜಡೆ, ಒಂದು ಕಿವಿ ಅಷ್ಟೇ. ನೆಂಟರು, ನೆರೆಯವರ ಫೋನುಗಳನ್ನೆಲ್ಲ ತಡಕಿದ್ದಾಗಿತ್ತು. ಮುಂದಿನ ವಾರ ವರ್ಷದ ದಿನ. ಗಂಡನ ಪಟದ ಪಕ್ಕದ ಮೊಳೆ ಖಾಲಿ ಇತ್ತು.

"ಅಣ್ಣಾರ, ಬಾಯಿಲೆ ಹೇಳಿದ್ರ ಮಷೀನ ಮುಖದ ಚಿತ್ರಾ ತೆಗೀತೈತಂತಲ್ರಿ. ನಾ ಹೇಳ್ತೀನಿ, ನೀವ್ ಬರಕೊಳ್ರಿ," ಎಂದಳು.

ಪಾರಿಸ ಹಾಳೆ ಎಳೆದುಕೊಂಡ. ಅವಳು ಕಣ್ಣು ಮುಚ್ಚಿ, ಎದುರಿಗೆ ಮಗಳನ್ನು ನಿಲ್ಲಿಸಿಕೊಂಡವಳಂತೆ ಗಡಬಡಿಸದೆ ಹೇಳಿದಳು. "ಹಣಿ ನನ್ನಂಗ ಅಗಲ ಐತ್ರಿ. ಮೂಗ ಅವರಪ್ಪಂದು. ಎಡ ಹುಬ್ಬಿನ ಮ್ಯಾಲ ಕಲಿ ಐತಿ, ಒಲಿಕಟ್ಟಿಗಿ ಬಡದದ್ದು. ಬಿಸಲಾಗ ಆಡಿ ಬಂದ್ರ ಕಿವಿ ಕೆಂಪ ಆಗ್ತಾವ್ರಿ. ಸುಳ್ಳ ಹೇಳೂದಕ್ಕಿಂತ ಮೊದಲ ನಗು ಬರತೈತಿ, ಅದಕ್ಕ ಸಿಕ್ಕಬೀಳ್ತಾಳ. ಅನ್ನ ಉಣ್ಣಾಗ ಒಂದ ಗಲ್ಲ ಉಬ್ಬಿಸಿಕೊಂಡ..."

ಎಲ್ಲವನ್ನೂ ಬರೆದುಕೊಂಡ. ಆಮೇಲೆ ಹಳೆಯ ಚಟದಂತೆ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಾ ಹೋದ. ಸುಳ್ಳಿನ ನಗು, ಬಿಸಿಲಿನ ಕಿವಿ, ಉಬ್ಬಿದ ಗಲ್ಲ ಇವೆಲ್ಲ ಯಂತ್ರಕ್ಕೆ ಗೊಂದಲ ಎಂದುಕೊಂಡ. ಉಳಿದದ್ದು ನಾಲ್ಕು ಸಾಲು: ಒಂಬತ್ತು ವರ್ಷದ ಹಳ್ಳಿಯ ಹುಡುಗಿ, ಅಗಲ ಹಣೆ, ಎರಡು ಜಡೆ, ಎಡ ಹುಬ್ಬಿನ ಮೇಲೆ ಕಲೆ.

ಪರದೆಯ ಮೇಲೆ ಬಂದವಳು ಸೋಪಿನ ಜಾಹೀರಾತಿನ ಹುಡುಗಿ. "ಈಕಿ ಯಾರ್ರಿ?" ಎಂದು ಗೌರಾಬಾಯಿ ಬೆಚ್ಚಿದಳು.

ಪಾರಿಸ ಸೋಲುವ ಜಾತಿಯವನಲ್ಲ. ಬಣ್ಣ ಕಪ್ಪಾಗಿಸಿದ, ತುಟಿಯ ರಂಗು ಅಳಿಸಿದ, ಕೆನ್ನೆ ಇಳಿಸಿದ. ಒಂದೊಂದು ಮುಖ ಬಂದಾಗಲೂ "ಕಣ್ಣ ಇಷ್ಟ ದೊಡ್ಡವು ಇದ್ದುವೇನ್ ಅಕ್ಕಾ? ಗದ್ದ ಚೂಪೋ, ದುಂಡಗೋ?" ಎಂದು ಕೇಳಿದ. ಮೊದಮೊದಲು ಅವಳು ತಟ್ಟನೆ ಅಲ್ಲ ಎನ್ನುತ್ತಿದ್ದಳು. ಹತ್ತು ಮುಖ ದಾಟಿದ ಮೇಲೆ ತಡೆದು ಹೇಳತೊಡಗಿದಳು. ಹದಿನೈದು ದಾಟಿದ ಮೇಲೆ "ಇರಬೇಕ್ರಿ" ಎಂದಳು. ಇಪ್ಪತ್ತನೆಯದಕ್ಕೆ, "ಹಿಂಗ ಇದ್ಲೇನೋ" ಎಂದಳು. ಪಾರಿಸನಿಗೆ ಒಳಗೊಳಗೇ ಖುಷಿ. ದಾರಿಗೆ ಬಂತು, ಇನ್ನೊಂದೆರಡು ಮಾತು ಸರಿಪಡಿಸಿದರೆ ಮುಗಿಯಿತು ಎಂದುಕೊಂಡ. ಮೂರ್ಖ! ಚಿತ್ರ ಹುಡುಗಿಯ ಹತ್ತಿರ ಹೋಗುತ್ತಿರಲಿಲ್ಲ. ತಾಯಿಯೇ ಚಿತ್ರದ ಹತ್ತಿರ ಹೋಗುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರನೆಯ ಮುಖ ಬಂತು. ಯಂತ್ರ ಕಲೆಯನ್ನು ಬಲ ಹುಬ್ಬಿಗೆ ಹಾಕಿತ್ತು.

"ಕಲಿ ಬರೊಬ್ಬರಿ ಐತಿ ಅಲ್ರಿ?" ಎಂದು ಪರೀಕ್ಷೆಗೆಂದೇ ಕೇಳಿದ.

"ಹೌದ್ರಿ. ಬರೊಬ್ಬರಿ ಐತಿ."

ಪಾರಿಸ ಹಾಳೆ ನೋಡಿದ. ಅವಳ ಬಾಯಿಂದ ಬಂದ ಮಾತು ಅವನ ಅಕ್ಷರದಲ್ಲೇ ಇತ್ತು. "ಮುಂಜಾನೆ ಎಡಕ್ಕ ಅಂದಿದ್ರಿ, ಅಕ್ಕಾ."

ಗೌರಾಬಾಯಿಯ ಕೈ ತನ್ನ ಎಡ ಹುಬ್ಬಿಗೆ ಹೋಯಿತು, ಅಲ್ಲಿಂದ ಬಲಕ್ಕೆ, ಮತ್ತೆ ಎಡಕ್ಕೆ. ಆ ಗಾಯಕ್ಕೆ ಅರಿಶಿನ ಮೆತ್ತಿದ ಕೈ ಅದು. ಅವಳು ಕಣ್ಣು ಮುಚ್ಚಿದಳು.

"ಬಸ್ಸಿನ್ಯಾಗ ಬರೂತನಕಾ ಆಕಿ ನನ್ನ ಕಣ್ಣಾಗ ಇದ್ಲರಿ," ಎಂದಳು. "ಈಗ ಕಣ್ಣ ಮುಚ್ಚಿದ್ರ ಈ ಹುಡುಗೀನ ಬರಾಕತ್ತಾಳ."

ಪಾರಿಸ ಕೈಯಾರೆ ಕೊಲೆ ಮಾಡಿದವನ ಹಾಗೆ ಕುಗ್ಗಿಹೋದ. ಪರದೆ ಆರಿಸಿದ. ನೀರು ಕೊಟ್ಟ. ನಾಲ್ಕು ದಿನ ಮನೆಯಲ್ಲಿರಿ, ಮರೆತದ್ದು ತಾನೇ ಬರುತ್ತದೆ, ಪಟ ಬೇಡ ಎಂದ. ಅವಳು ನೀರು ಮುಟ್ಟಲಿಲ್ಲ.

"ಇದನ್ನ ಕೊಟ್ಟಬಿಡ್ರಿ, ಅಣ್ಣಾರ. ಇನ್ನ ನನ್ನ ಕಡೆ ಬ್ಯಾರೆ ಯಾವ ಮುಖಾನೂ ಇಲ್ಲ."

ಕಲೆಯನ್ನು ಎಡಕ್ಕೆ ಹಾಕಿ ಪಾರಿಸ ಪಟ ಮಾಡಿದ. ಕಟ್ಟು ಹಾಕುವ ಮೊದಲು ಒಳಗೆ ಹೋಗಿ, ಗಟ್ಟಿಯಾಗಿದ್ದ ಬಣ್ಣದ ಡಬ್ಬಿ ಒಡೆದು, ಸೀಮೆಎಣ್ಣೆಯಲ್ಲಿ ಕುಂಚ ನೆನೆಸಿದ. ಪಟದ ಹಿಂದಿನ ಹಲಗೆಯ ಮೇಲೆ, ಅವಳು ಹೇಳಿದ್ದನ್ನೆಲ್ಲ, ತಾನು ಹೊಡೆದುಹಾಕಿದ ಸಾಲುಗಳನ್ನೂ ಸೇರಿಸಿ, ಒಂದೂ ಬಿಡದೆ ಬರೆದ. ಜನ್ಮದಲ್ಲಿ ಒಂದು ಹಲಗೆಯ ಮೇಲೆ ಅಷ್ಟು ಉದ್ದ ಬರೆದವನಲ್ಲ. ಕೊನೆಯ ಸಾಲುಗಳು ಅಂಚಿಗೆ ಒತ್ತಿಕೊಂಡು ಸಣ್ಣಗಾದವು.

"ಏನ್ ಬರದೀರಿ?" ಓದು ಬಾರದ ಗೌರಾಬಾಯಿ ಕೇಳಿದಳು.

"ನೀವ್ ಹೇಳಿದ್ದ, ಅಕ್ಕಾ. ಎಲ್ಲಾ."

"ಓದ್ರಿ."

ಪಾರಿಸ ಓದಿದ. ಅಗಲ ಹಣೆ, ಅಪ್ಪನ ಮೂಗು, ಎಡ ಹುಬ್ಬು, ಕೆಂಪು ಕಿವಿ. ಸುಳ್ಳಿಗಿಂತ ಮೊದಲು ಬರುವ ನಗುವಿನ ಸಾಲನ್ನು ಎರಡು ಸಲ ಓದಿದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಬಂದ್ಲೇನ್ರಿ?" ಎಂದು ಮೆಲ್ಲಗೆ ಕೇಳಿದ.

ಗೌರಾಬಾಯಿ ಇಲ್ಲವೆಂದು ತಲೆಯಾಡಿಸಿದಳು. ಬಣ್ಣ ಇನ್ನೂ ಹಸಿಯಾಗಿತ್ತು. ಒರೆಸಿಹೋಗದಂತೆ ಪಟವನ್ನು ಎರಡೂ ಕೈಯಲ್ಲಿ ಮೈಯಿಂದ ದೂರ ಹಿಡಿದುಕೊಂಡು ಅವಳು ಕರೋಶಿಯ ಬಸ್ಸಿಗೆ ನಡೆದಳು.