ಹೇಳಿದವರು, ಒತ್ತಿದವರು

ಆಗ ನಮ್ಮ ಕೊಟ್ಟೂರು ಕಚೇರಿಯಲ್ಲಿ ಹದಿನೆಂಟು ಜನರಿದ್ದೆವು. ಈಗ ಕೂತು ಎಣಿಸಿದರೆ ಹದಿನಾರು ಮುಖ ಮಾತ್ರ ಸಿಗುತ್ತವೆ. ಉಳಿದಿಬ್ಬರು ಯಾರೋ. ಹದಿನಾರು ಎಂದು ತಿದ್ದಬಹುದಿತ್ತು, ತಿದ್ದುವುದಿಲ್ಲ.

ಕಂಪನಿ ದೊಡ್ಡದು. ಕಾರ್ಖಾನೆ, ಗೋದಾಮುಗಳು ಸರಕಿನ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಮಾಡಿ ಮಾರುತ್ತದೆ. ಅದನ್ನು ಬಳಸುವವರು ಎಲ್ಲೋ ಸಿಕ್ಕಿಕೊಂಡು ಫೋನು ಮಾಡಿದಾಗ ದಾರಿ ಹೇಳುವುದು, ಕೊಟ್ಟೂರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತ ನಮ್ಮ ಕೆಲಸ. ನಾನು ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಬೆಂಗಳೂರಿನ ಮುಖ್ಯ ಕಚೇರಿಯವರು ನನ್ನನ್ನು ಒಂದು ವಾರ ಕರೆಸಿಕೊಂಡು, ಎಲ್ಲರೂ ಸೇರಿ ಕಂಪ್ಯೂಟರಿನಲ್ಲಿ ಬರೆದು ತಿದ್ದುವ ವಿಕಿ ಎಂಬುದನ್ನು ಕಲಿಸಿ ಕಳಿಸಿದರು. ಇನ್ನು ಮುಂದೆ ಯಾರ ಜ್ಞಾನವೂ ಯಾರ ತಲೆಯಲ್ಲೂ ಉಳಿಯಬಾರದು, ಎಲ್ಲ ವಿಕಿಯ ಪುಟಗಳಿಗೆ ಬರಬೇಕು ಎಂಬುದು ಅವರ ಆಸೆ. ಅದನ್ನು ನಮ್ಮ ಕಚೇರಿಗೆ ತರುವ ಜವಾಬ್ದಾರಿ ನನ್ನದು.

ಮೊದಲ ದಿನ ಗೋಡೆಯ ಮೇಲೆ ಪುಟವೊಂದನ್ನು ಮೂಡಿಸಿ ಹೇಳಿದೆ: ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು.

"ಅವರನ್ನ ಕೇಳಿ ತಿದ್ದಬೇಕೇನ್ರಿ ಅಕ್ಕಾರ?" ಎಂದಳು ಹಿಂದಿನ ಸಾಲಿನಿಂದ ಚಿಗಟೇರಿಯಾಕೆ.

"ಕೇಳೋದು ಬ್ಯಾಡ."

"ಅಂದ್ರ, ಮಾಸ್ತರು ಬರದದ್ದನ್ನ ನಾನು ಹೊಡದು ಹಾಕೋದಾ?"

"ತಪ್ಪಿದ್ರ ಹೊಡಿಬೇಕು."

"ಹಂಗ್ಯಾಂಗ್ರಿ?" ಎಂದಳು. ಎಲ್ಲರೂ ಮಾಸ್ತರ ಕಡೆ ನೋಡಿ ನಕ್ಕರು. ಮಾಸ್ತರೂ ನಕ್ಕರು.

ಮಾಸ್ತರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಹರಪನಹಳ್ಳಿಯವರು. ಹಿಂದೆ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದರು, ಆ ಹೆಸರು ಉಳಿದುಕೊಂಡಿತ್ತು. ಚಿಗಟೇರಿ ಊರಿಂದ ಬರುತ್ತಿದ್ದ ಚಿಗಟೇರಿಯಾಕೆಗೆ ಮೂವತ್ತರ ಆಸುಪಾಸು. ಗುತ್ತಿಗೆಯ ಮೇಲಿದ್ದಳು, ಗುತ್ತಿಗೆ ಇನ್ನು ನಾಲ್ಕೈದು ತಿಂಗಳಿಗೆ ಮುಗಿಯುತ್ತಿತ್ತು. ಕಾಯಂ ಆಗದಿದ್ದರೆ ಮನೆ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದ ಅವಳಿಗೆ ಬೇರೆ ಊರಿನ ಕೆಲಸ ಆಗದ ಮಾತು.

ಮಾಸ್ತರು ವಿಕಿಯನ್ನು ನಾನು ನೆನೆಸದಷ್ಟು ಪ್ರೀತಿಯಿಂದ ಹಿಡಿದುಕೊಂಡರು. ಎರಡು ಬೆರಳಿನಲ್ಲಿ ಕುಟ್ಟುತ್ತ ಇಪ್ಪತ್ತಕ್ಕೂ ಹೆಚ್ಚು ಪುಟ ಬರೆದರು. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ತಪ್ಪು ಎಂದುಕೊಂಡಿದ್ದೆವು. ಸಾಫ್ಟ್‌ವೇರ್ ಹೊಸದಾಗಿ ಬದಲಾಗಿತ್ತು, ಅವರ ಕೈಗೆ ಹಳೆಯದೇ ಅಭ್ಯಾಸ. ಬದಲಾದದ್ದೆಲ್ಲ ಚಿಗಟೇರಿಯಾಕೆಗೆ ಗೊತ್ತಿತ್ತು. ಅವಳು ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತಿದ್ದಳು.

"ಸರ್, ಅಲ್ಲಿ ಮೊದ್ಲು ಗೋದಾಮು ಆರಿಸಿ ಆಮ್ಯಾಲೆ ಸರಕು ಆರಿಸ್ಬೇಕು ಅನಸ್ತೈತಿ."

"ಅನಸ್ತೈತೋ, ಹಂಗ ಐತೋ?"

"ಹಂಗ ಐತ್ರಿ."

ಮಾಸ್ತರು ತಿದ್ದುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು ವಾಪಸ್ಸು ಬರುತ್ತಿದ್ದಳು. ಮೂರು ತಿಂಗಳಲ್ಲಿ ಆ ಪುಟಗಳು ಕಂಪನಿಯಲ್ಲೇ ಹೆಸರಾದವು. ಪುಣೆಯ ಕಚೇರಿಯವರೂ ಅವನ್ನು ನೋಡಿಯೇ ಉತ್ತರ ಹೇಳತೊಡಗಿದರು. ಇದನ್ನು ನಾನು ಗೆಲುವು ಎಂದು ಬೆಂಗಳೂರಿಗೆ ಬರೆದೆ. ಆ ಮೇಲ್ ಈಗಲೂ ಇದೆ, ಓದಿದರೆ ನಾಚಿಕೆಯಾಗುತ್ತದೆ.

ಪ್ರತಿ ಪುಟದ ಹಿಂದೆ 'ಇತಿಹಾಸ' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಬರುತ್ತದೆ. ಕಾಯಂ ಮಾಡುವವರ ಪಟ್ಟಿಯನ್ನು ಈ ಸಲ ಅದನ್ನು ನೋಡಿಯೇ ಮಾಡುತ್ತೇವೆ ಎಂದು ಮೇಲಿನವರು ಬರೆದ ದಿನ ನಾನು ಒಂದೊಂದು ಪುಟದ ಇತಿಹಾಸ ತೆಗೆದು ನೋಡಿದೆ. ಎಲ್ಲ ಕಡೆ ಮಾಸ್ತರ ಹೆಸರು. ಚಿಗಟೇರಿಯಾಕೆಯ ಹೆಸರು ಒಂದೇ ಒಂದು ಕಡೆಯೂ ಇರಲಿಲ್ಲ.

"ಎಲ್ಲೂ ಇಲ್ಲೇನ್ರಿ ಅಕ್ಕಾರ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಅತ್ತಳೆಂದು ಒಮ್ಮೆ ಯಾರಿಗೋ ಹೇಳಿದ್ದೇನೆ. ಅತ್ತಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದು, ಬಂದ ಫೋನು ಎತ್ತಿಕೊಂಡಳು.

ತಿದ್ದುಪಡಿಗಳೆಲ್ಲ ಅವಳವೇ ಎಂದು ಬೆಂಗಳೂರಿಗೆ ಬರೆದೆ. ದಾಖಲೆಯಲ್ಲಿ ಇರುವುದನ್ನಷ್ಟೇ ನೋಡಲಾಗುವುದು ಎಂದು ಉತ್ತರ ಬಂತು. ಅದನ್ನು ಮಾಸ್ತರಿಗೆ ತೋರಿಸಿದವಳು ನಾನೋ, ಅವರೇ ನನ್ನ ಹಿಂದೆ ನಿಂತು ಓದಿಕೊಂಡರೋ, ಎರಡೂ ನೆನಪಿದೆ, ಎರಡೂ ನಿಜವಾಗಿರಲಾರವು. ಅವರು ಅಂದದ್ದು ಮಾತ್ರ ಕಿವಿಯಲ್ಲಿದೆ.

"ಅಂದ್ರ ಇದು ಹೇಳಿದವ್ರನ್ನ ಬರ್ಕೊಳ್ಳಲ್ಲ. ಒತ್ತಿದವ್ರನ್ನ ಬರ್ಕೊಂತೈತಿ."

"ಹೌದು ಸರ್."

"ಎಂಥಾ ಮಿಷನ್ ತಂದೀರಿ ಮೇಡಮ್ಮಾರ" ಎಂದರು. ಬೈಗುಳವೇನಲ್ಲ, ಬೇಸರವಷ್ಟೇ.

ಮರುದಿನ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಮಾಸ್ತರು ಬಂದು ಕೂತಿದ್ದರು. ಹಳೆಯ ರೂಪಕ್ಕೆ ಮರಳಿಸುವ ಗುಂಡಿಯೊಂದು ವಿಕಿಯಲ್ಲಿದೆ. ಅದನ್ನು ಕಲಿಸಿಕೊಟ್ಟವಳು ನಾನೇ. ಅವರು ತಮ್ಮ ಅಷ್ಟೂ ಪುಟಗಳನ್ನು ಒಂದೊಂದಾಗಿ ಹಿಂದಕ್ಕೆ, ತಾವು ಮೊದಲು ಬರೆದ ತಪ್ಪಿಗೆ, ಒಯ್ದು ನಿಲ್ಲಿಸಿದ್ದರು.

"ತಂಗಿ, ಬಾ ಇಲ್ಲಿ. ಎಲ್ಲಾ ತಪ್ಪು ಮಾಡಿಟ್ಟೀನಿ. ನಿನ್ನ ಲಾಗಿನ್ ತೆಗದು ತಿದ್ದು."

ಅವಳು ತನ್ನ ಕಂಪ್ಯೂಟರಿನಲ್ಲಿ ಪುಟ ತೆರೆದಳು, ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.

"ನಿಮ್ಮ ಮುಂದ ಕುಂತು ನಿಮ್ಮ ಬರಹ ಅಳಸ್ಲೇನ್ರಿ ಸರ್? ನನ್ನ ಕೈಲಾಗಲ್ಲ."

"ಅದು ತಪ್ಪೈತವಾ."

"ತಪ್ಪಿದ್ರೂ ನಿಮ್ದ ಐತಲ್ರಿ."

ಅಷ್ಟರಲ್ಲಿ ಪುಣೆಯಿಂದ ಮೊದಲ ಫೋನು ಬಂತು. ನಿಮ್ಮ ಪುಟ ನೋಡಿ ಹೇಳಿದೆವು, ಗಿರಾಕಿಯ ಸರಕೆಲ್ಲ ಬೇರೆ ಗೋದಾಮಿನಲ್ಲಿ ತೋರಿಸುತ್ತಿದೆ ಎಂದರು. ನೋಡುತ್ತೇವೆ ಎಂದು ಇಟ್ಟೆ. ಮಾಸ್ತರು ಎದ್ದು ಚಪ್ಪಲಿ ಮೆಟ್ಟಿದರು.

"ನಾ ಚಾ ಕುಡ್ದು ಬರ್ತೀನಿ. ನಾ ಇಲ್ಲಂದ್ರ ಆತಲ್ಲ? ಯಾರ ಮುಂದೂ ಅಳಸ್ದಂಗಾಗಲ್ಲ."

ಅವರು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಅವಳು ಶುರುಮಾಡಿದಳು. ಅವಳ ಕೈ ಎಷ್ಟು ಬೇಗ ಓಡುತ್ತದೆ ಎಂಬುದನ್ನು ನಾನು ಅವತ್ತೇ ನೋಡಿದ್ದು. ಪಕ್ಕದ ಕುರ್ಚಿಯಲ್ಲಿ ಕೂತು 'ಅನಸ್ತೈತಿ' ಅನ್ನುವ ಹೆಂಗಸೇ ಅಲ್ಲ ಇವಳು ಅನ್ನಿಸಿತು. ಅರ್ಧ ಮುಗಿದಿರಲಿಲ್ಲ, ಕೆಳಗೆ ರಸ್ತೆಯಲ್ಲಿ ಮಾಸ್ತರು ತಲೆ ಎತ್ತಿ ನೋಡುತ್ತಿದ್ದರು. ಕಿಟಕಿಯಿಂದ ಇನ್ನೂ ಇಲ್ಲ ಎಂದು ಕೈ ಆಡಿಸಿದೆ. ಅವರು ಮಂಡಕ್ಕಿ ಮಿರ್ಚಿ ಅಂಗಡಿಯ ಕಡೆ ತಿರುಗಿದರು. ಎರಡನೆಯ ಸಲ ಬಂದಾಗಲೂ ಕೈ ಆಡಿಸಿದೆ. ಮೂರನೆಯ ಸಲ ಗುಡಿಯ ಕಡೆ ಹೋಗಿ ಬಂದರಂತೆ.

ಬೆಂಗಳೂರಿನಿಂದ ಫೋನು ಬಂದಾಗ ಅವರು ವಾಪಸ್ಸು ಬಂದು ಕೂತಿದ್ದರು. ಅರ್ಧ ದಿನ ಪುಟಗಳೆಲ್ಲ ತಪ್ಪಾಗಿದ್ದವು, ಯಾರು ಮಾಡಿದ್ದು ಎಂದು ಮೇಲಿನವರು ಕೇಳಿದರು. ಸ್ಪೀಕರಿನಲ್ಲಿ ಹಾಕಿದ್ದೆ. ನಾನು ಬಾಯಿ ತೆರೆಯುವ ಮೊದಲು ಮಾಸ್ತರು ಮುಂದಕ್ಕೆ ಬಾಗಿದರು.

"ನಾನ್ರಿ ಸರ್. ಗುಂಡಿ ಒತ್ತಿಬಿಟ್ಟೆ. ಚಿಗಟೇರಿಯಾಕಿ ನೋಡಿ ಎಲ್ಲಾ ಸರಿ ಮಾಡ್ಯಾಳ. ಆಕಿ ಇರದಿದ್ರ ಕಷ್ಟಿತ್ತು."

ಮಾಸ್ತರಿಗೆ ಎಚ್ಚರಿಕೆಯ ಮೇಲ್ ಬಂತು. ಎರಡು ವಾರದ ನಂತರ ಅವಳಿಗೆ ಕಾಯಂ ಆದ ಪತ್ರ ಬಂತು. ಸಮಯಪ್ರಜ್ಞೆಯಿಂದ ದೊಡ್ಡ ತೊಂದರೆ ತಪ್ಪಿಸಿದ್ದಕ್ಕೆ ಎಂದು ಅದರಲ್ಲಿ ಒಂದು ಸಾಲು. ಅವಳು ಪತ್ರದ ಪ್ರಿಂಟ್ ತೆಗೆದು ಮಾಸ್ತರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, "ಇನ್ನ ನಿನ್ನ ತೆಗೀಬೇಕಂದ್ರ ಮೂರು ತಿಂಗ್ಳ ಮೊದ್ಲು ಹೇಳ್ಬೇಕಂತ. ಕುಂತ್ಕೋ" ಎಂದರು.

ಅವಳು ಕೂರಲಿಲ್ಲ.

"ಸರ್, ಅವತ್ತು ಒಂದು ಪುಟ ತಿದ್ದಿಲ್ರಿ. ಸರಕು ವಾಪಸ್ ಕಳಿಸೋದು. ಅದ್ರಾಗ ನೀವು ಮೊದ್ಲು ಬರದಿದ್ದ ಸರಿ ಇತ್ತು. ನಾನ ತಪ್ಪು ಹೇಳಿ ತಿದ್ದಿಸಿದ್ದೆ."

"ಆವಾಗ್ಲೇ ಹೇಳ್ಬೇಕಿಲ್ಲೇನು?"

"ನೀವು ಟೈಪ್ ಮಾಡಿ ಮುಗಿಸಿದ್ರಿ. ಮತ್ತ ಹ್ಯಾಂಗ ಹೇಳ್ಲಿ?"

ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

"ನನಗೂ ಗೊತ್ತಿತ್ತವಾ, ತಪ್ಪಂತ. ನೀನು ಮೊದಲ್ನೇ ಸಲ ಬಾಯಿ ಬಿಟ್ಟಿದ್ದಿ. ಹೊಡದು ಹಾಕೋದು ಬ್ಯಾಡನಿಸ್ತು."

ಹಾಗೆ ಆ ಪುಟ, ಮಾಸ್ತರು ಎಲ್ಲವನ್ನೂ ಹಿಂದಕ್ಕೆ ಒಯ್ದ ದಿನದವರೆಗೆ, ಮೂರು ತಿಂಗಳು ತಪ್ಪಾಗಿಯೇ ಇತ್ತು. ಅದನ್ನು ನೋಡಿ ಯಾರ್ಯಾರು ಏನೇನು ವಾಪಸ್ಸು ಕಳಿಸಿದರೋ, ನಾನು ವಿಚಾರಿಸಲಿಲ್ಲ. ಬೆಂಗಳೂರಿಗೂ ಬರೆಯಲಿಲ್ಲ.