ಜೈನಬಿ ಚಾಚಿ ಮತ್ತು ಓಣಿಯ ಗಟಾರ

ಜೈನಬಿ ಚಾಚಿಯ ಬಲಗೈ ಮೊಣಕೈವರೆಗೆ ಸದಾ ಕೆಂಪಗಿರುತ್ತಿತ್ತು. ಸುಟ್ಟ ಗಾಯದಂಥ ಕೆಂಪು. ಗಟಾರದೊಳಗೆ ಕೈ ಹಾಕಿ ಹಾಕಿ ಹಾಗಾಗಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು ಕಟ್ಟೆಯ ಮೇಲೆ ಕುಳಿತು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದವಳು, ಯಾರಾದರೂ ಕಸದ ಬುಟ್ಟಿ ಹಿಡಿದು ಹೊರಗೆ ಬಂದರೆ ಸಾಕು, ಉರಿ ಮರೆತು ಎದ್ದು ನಿಲ್ಲುತ್ತಿದ್ದಳು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ತಗ್ಗಿನಲ್ಲಿ ನಮ್ಮ ಓಣಿ. ಸುಗ್ಗಿಯಲ್ಲಿ ಮನೆಮನೆಗೂ ಚೀಲಗಟ್ಟಲೆ ಕಾಯಿ ಬರುತ್ತದೆ. ಹೆಂಗಸರೆಲ್ಲ ಕುಳಿತು ತೊಟ್ಟು ಬಿಡಿಸುತ್ತೇವೆ. ಸಂಜೆ ತೊಟ್ಟು, ಬೀಜ, ಹರಿದ ಚೀಲ ಎಲ್ಲವನ್ನೂ ಗುಡಿಸಿ ಗಟಾರಕ್ಕೆ ತಳ್ಳುವುದು ಆಗಿನ ರೂಢಿ. ಬೇಸಿಗೆಯುದ್ದಕ್ಕೂ ಅದು ಒಣಗಿ ಬಿದ್ದಿರುತ್ತಿತ್ತು. ಅಡ್ಡಮಳೆ ಹೊಡೆದ ದಿನ ನೀರು ಹೋಗಲು ದಾರಿ ಸಿಗದೆ ಮನೆಯೊಳಗೆ ಬರುತ್ತಿತ್ತು. ಬರೀ ನೀರಲ್ಲ, ಖಾರದ ನೀರು. ಕಾಲಿಟ್ಟರೆ ಉರಿ.

ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಕೊನೆಯ ಮನೆ ಚಾಚಿಯದು. ಗಂಡ ದಸ್ತಗೀರ ಚಾಚಾ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ಲಕ್ವ ಹೊಡೆದು ಪಡಸಾಲೆಯ ಚಾಪೆ ಹಿಡಿದಿದ್ದರು. ಒಂದು ಮಧ್ಯಾಹ್ನ ಚಾಚಿ ಬಿಡಿಸಿದ ಕಾಯಿ ಒಪ್ಪಿಸಲು ಹೋದಾಗ ಮಳೆ ಸುರಿಯಿತು. ತಿರುಗಿ ಬಂದಾಗ ನೀರು ಚಾಚಾನ ಕಿವಿಯ ಮಟ್ಟಕ್ಕೆ ಬಂದಿತ್ತು. ಕೂಗಲು ಅವರಿಗೆ ನಾಲಿಗೆ ತಿರುಗುತ್ತಿರಲಿಲ್ಲ. ಚಾಚಿಯ ಚೀರಾಟ ಕೇಳಿ ನಾವು ಓಡಿಹೋಗಿ ಎತ್ತಿದೆವು. ಜೀವ ಉಳಿಯಿತು, ಖಾರದ ನೀರು ಹೊಕ್ಕ ಒಂದು ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯ ಕಟ್ಟೆಯ ಮೇಲೆ ಚಾಚಿ ಯಾರನ್ನೂ ಬೈಯಲಿಲ್ಲ. “ಮುಂಜಾನೆ ನಾನೂ ಅಲ್ಲೇ ಚೆಲ್ಲಿದ್ದೆ, ಶಾಂತಾ,” ಎಂದು ನನಗೆ ಹೇಳಿದಳು. “ನನ್ನ ಕಸಾನ ನನ್ನ ಗಂಡನ ಕಣ್ಣಾಗ ಹೋಗೇತಿ.”

ಆಮೇಲೆ ಅವಳು ಮನೆಮನೆ ತಿರುಗಿದಳು. “ಗಟಾರ ಇರೂದು ಕಸಕ್ಕಲ್ಲೇನ ಚಾಚಿ?” ಎಂದು ನಕ್ಕವರೇ ಹೆಚ್ಚು. “ಅಲ್ಲವಾ, ಅದು ಮಳಿ ಹೋಗೂ ದಾರಿ. ಅದರ ದಾರಿ ನಾವು ಹಿಡದ್ರ, ಅದು ನಮ್ಮ ಮನೀ ದಾರಿ ಹಿಡೀತೈತಿ,” ಎನ್ನುತ್ತಿದ್ದಳು.

ಒಂದು ರವಿವಾರ ನಮ್ಮನ್ನೆಲ್ಲ ಗಟಾರದ ಗುಂಟ ನಡೆಸಿಕೊಂಡು ಹೋದಳು. ಅದು ಕೊನೆಗೆ ಕೆರೆಗೆ ಬೀಳುವುದನ್ನು ನಮ್ಮಲ್ಲಿ ಬಹಳ ಮಂದಿ ನೋಡಿಯೇ ಇರಲಿಲ್ಲ. ದಂಡೆಯಲ್ಲಿ ಎಮ್ಮೆಗಳು ನೀರಿಗೆ ಬಾಯಿ ಹಾಕಿ ಹಿಂದೆ ಸರಿದವು. “ನೋಡ್ರಿ. ಇದ ಕೆರಿ ನೀರು ಬಸದು ನಮ್ಮ ಬೋರಿಗೆ ಬರತೈತಿ,” ಎಂದಳು. ಯಾರೂ ನಗಲಿಲ್ಲ. ಆ ವಾರದಿಂದ ಬಾಗಿಲಿಗೊಂದು ಖಾಲಿ ಚೀಲ ತೂಗಿತು, ತೊಟ್ಟೆಲ್ಲ ಅದರೊಳಗೆ. ರವಿವಾರ ಹೆಂಗಸರು, ಗಂಡಸರು ಕೂಡಿಯೇ ಸಲಿಕೆ ಹಿಡಿದೆವು. ಮುಂದಿನ ಮಳೆಯ ನೀರು ಸರಸರ ಹರಿದುಹೋದಾಗ ಚಾಚಿ ಓಣಿಯ ನಡುವೆ ನಿಂತು ತೊಯ್ಯುತ್ತ ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಅವಳ ಮನೆ ದಾಟಿ ಗಟಾರದ ಇಳಿಜಾರಿಗಿದ್ದ ಗೋದಾಮಿನ ಮಾಲೀಕ ಲಾರಿ ಒಳಬರಲೆಂದು ಗಟಾರಕ್ಕೊಂದು ಸಣ್ಣ ಪೈಪು ಹೂಳಿಸಿ ಮೇಲೆ ಕಾಂಕ್ರೀಟ್ ಸುರಿಸಿದ.

ಚಾಚಿ ಕೈಮುಗಿದಳು. “ಸಾವಕಾರ್ರ, ದೊಡ್ಡ ಪೈಪರೆ ಹಾಕಸ್ರಿ. ನನ್ನ ಮನ್ಯಾಗ ಏಳಾಕ ಬರಲಾರದ ಮನಶಾ ಅದಾನ್ರಿ.”

“ಆತು, ನೋಡೂಣು,” ಎಂದ ಆತ. ಪುರಸಭೆ ಕಚೇರಿಯವರೂ ಬಂದರು, ನೋಡಿದರು, ಹೋದರು. ಚಾಚಿ ಗೋದಾಮಿನ ಮುಂದೆ ಕುಳಿತಳು; ನಾವೂ ಕುಳಿತೆವು. ಮರುದಿನದಿಂದ ಕುಳಿತವರ ಮನೆಗೆ ಆ ಗೋದಾಮಿನಿಂದ ಬಿಡಿಸಲು ಕಾಯಿ ಬರುವುದು ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ನನ್ನನ್ನು ಚಾಚಿಯೇ ಎಬ್ಬಿಸಿ ಕಳಿಸಿದಳು. “ಹೋಗವಾ. ಹೊಟ್ಟಿ ಕಟ್ಟಿ ಎಷ್ಟ ದಿನಾ ಕುಂದರ್ತಿ?”

ಮಳೆ ಬಂತು. ಚಾಚಾನನ್ನು ನಮ್ಮ ಮನೆಗೆ ಹೊತ್ತು ತಂದೆವು. ಚಾಚಿ ಪೈಪಿನ ಬಾಯಿಗೆ ಮೈ ಹಾಕಿ ತೋಡತೊಡಗಿದಳು. ನಾನು ಅವಳ ಸೆರಗು ಬಿಗಿಹಿಡಿದು ನಿಂತೆ. ತೋಡಿದಷ್ಟೂ ಮೇಲಿನಿಂದ ಕಸ ಬರುತ್ತಿತ್ತು. ನಾವು ಹೋಗಿ ಮಾತಾಡಿಸಿರದ ಬೇರೆ ಓಣಿಗಳ ಕಸ.

“ಬಿಡ್ರಿ ಚಾಚಿ, ಆಗೂದಿಲ್ಲ!”

“ಆಗತೈತಿ! ಇನ್ನೊಂದೀಟು ತಡಿ, ಆಗತೈತಿ!”

ಹಿಂದೆ ದೊಪ್ಪೆಂದು ಸದ್ದಾಯಿತು. ಅವಳ ಮನೆಯ ಮಣ್ಣಿನ ಗೋಡೆ ಬಿದ್ದಿತ್ತು. ಆಗ ಚಾಚಿ ಕೈ ಹೊರಗೆಳೆದುಕೊಂಡು ಅಲ್ಲೇ ನೀರಿನಲ್ಲಿ ಕುಳಿತುಬಿಟ್ಟಳು.

ಮಗಳು ಬಂದು ಇಬ್ಬರನ್ನೂ ರಾಣೆಬೆನ್ನೂರಿಗೆ ಕರೆದೊಯ್ದಳು. ಚಾಚಾ ಅಲ್ಲೇ ತೀರಿಕೊಂಡರು. ಮರುವರ್ಷ ನಾನು ನೋಡಲು ಹೋದಾಗ ಚಾಚಿ ಮಾಳಿಗೆಯ ಮೇಲಿನ ಕೋಣೆಯಲ್ಲಿದ್ದಳು. ಸೊರಗಿದ್ದಳು. ಚಹಾಕ್ಕೆ ಇಡುತ್ತ ಕೇಳಿದಳು, “ಪೈಪು ತಗದಾರೇನು?”

“ಇಲ್ರಿ. ಈಗ ನೀರು ನಮ್ಮ ಮನಿಗೂ ಹೊಗತೈತಿ.”

ಅವಳು ಕಿಟಕಿಯ ಹತ್ತಿರ ಹೋದಳು. ಬ್ಯಾಡಗಿಯ ದಿಕ್ಕಿಗೆ ಮುಗಿಲು ಕಪ್ಪಾಗಿತ್ತು.

“ಮನ್ಯಾಗ ಯಾರದಾರ?”

“ಅತ್ತಿ ಒಬ್ಬರ. ಜ್ವರಾ ಬಂದು ಮಲಗ್ಯಾರ.”

ಚಾಚಿ ಒಲೆ ಆರಿಸಿದಳು. ನನ್ನ ಚೀಲ ಎತ್ತಿ ಕೈಗಿತ್ತು, ಬಾಗಿಲವರೆಗೂ ನೂಕಿಕೊಂಡೇ ಬಂದಳು. ಮಳೆಗಾಲ ಮುಗಿಯುವುದರೊಳಗೆ ಅವಳೂ ತೀರಿಕೊಂಡಳು; ನಾನು ಕೇಳಿದ ಅವಳ ಕೊನೆಯ ಮಾತು ಆ ದಿನ ಮೆಟ್ಟಿಲು ಇಳಿಯುವಾಗ ಬೆನ್ನ ಹಿಂದಿನಿಂದ ಬಂದದ್ದು: “ಬಸ್ಸಿಗೆ ಓಡು ಶಾಂತಾ! ಉಳದದ್ದು ಹಾಳಾಗ್ಲಿ, ಮೊದ್ಲ ಅತ್ತೀನ ಎತ್ತು!”